ಕಲಾಯಿಯವನ ಮಗಳ ಲೇಪ

ಹುಣಸೂರು
14 ಜೂನ್ 2025, ಶನಿವಾರ

ನನ್ನ ಮುದ್ದಿನ ಬೇಟಿ ಶಾಜಿಯಾಗೆ ನಿನ್ನ ಅಬ್ಬಾನ ಸಲಾಂ.

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೆ? ಮಂಗಳೂರಿನಲ್ಲಿ ಮಳೆ ಹಿಡಿದಿದೆಯಂತೆ, ಒದ್ದೆ ತಲೆಯಲ್ಲಿ ಲ್ಯಾಬಿಗೆ ಹೋಗಬೇಡ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ದಾದಿಗೆ ಮಂಡಿನೋವು ಇದ್ದೇ ಇದೆ, ನನ್ನ ಹೆತ್ತವಳ ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಹಬ್ಬದ ಮಾಂಸ ಒಣಗಿಸಿ ನಿನ್ನ ಅಮ್ಮಿ ಕಟ್ಟಿಟ್ಟಿದ್ದಾಳೆ. ನಿನ್ನ ಮಾಮು ಮುಜಫರ್ ಸಂಜೆ ಮೀನಿನ ಗಾಡಿ ತೆಗೆದುಕೊಂಡು ನಿಮ್ಮೂರಿಗೇ ಬರುತ್ತಿದ್ದಾನೆ. ಅವನ ಕೈಯಲ್ಲಿ ಮಾಂಸದ ಜೊತೆ ಈ ಕಾಗದವನ್ನೂ ಕಳಿಸುತ್ತಿದ್ದೇನೆ. ಫೋನಿರುವಾಗ ಅಬ್ಬಾ ಕಾಗದ ಬರೆಯುತ್ತಾರಲ್ಲ ಎಂದು ನಗಬೇಡ. ಫೋನಿನಲ್ಲಿ ಹೇಳಿದರೆ ಮಾತು ಮುಗಿಯುವ ಮೊದಲೇ ನೀನು 'ಪರವಾಗಿಲ್ಲ ಅಬ್ಬಾ' ಅಂದುಬಿಡುತ್ತೀಯ. ಅದು ನನಗೆ ಬೇಡ.

ಮೊನ್ನೆ ಕಟ್ಟೆಮಳಲವಾಡಿಯ ಮಂಗಳಮ್ಮ ಹಿತ್ತಾಳೆ ತಪ್ಪಲೆಗೆ ತವರದ ಕಲಾಯಿ ಹಾಕಿಸಲು ಬಂದಿದ್ದಳು. ಸ್ಟೀಲಿನ ಕಾಲದಲ್ಲೂ ನಮ್ಮನ್ನು ಮರೆಯದ ಮನೆ ಅದು. 'ನಿನ್ ಮಗ್ಳು ನೀರ್‌ನಿಂದ ಗ್ಯಾಸ್ ತೆಗೀತಾಳಂತಲ್ಲಣ್ಣ, ನಮ್ಗೂ ಒಂದು ಸಿಲಿಂಡ್ರು ಕೊಡ್ಸು ಕಣಣ್ಣ' ಎಂದಳು. ನಾನು ತಿದಿ ಒತ್ತುವುದನ್ನು ಬಿಟ್ಟು, ನೀನು ಅಡುಗೆಮನೆಯಲ್ಲಿ ಹೇಳಿಕೊಟ್ಟ ಪಾಠವನ್ನೆಲ್ಲ ಒಪ್ಪಿಸಿದೆ. ನೀರಿಗೆ ಕರೆಂಟು ಕೊಟ್ಟರೆ ಎರಡು ಗ್ಯಾಸಾಗಿ ಒಡೆಯುತ್ತದೆ, ಅದರಲ್ಲಿ ಹೈಡ್ರೋಜನ್ ಹಿಡಿದಿಟ್ಟರೆ ಬಸ್ಸು ಓಡಿಸಬಹುದು, ಹೊಗೆಯ ಬದಲು ನೀರು ಬರುತ್ತದೆ. ಆದರೆ ನೀರು ಸುಲಭಕ್ಕೆ ಒಡೆಯುವುದಿಲ್ಲ, ಕರೆಂಟು ಕೊಡುವ ಲೋಹದ ಮೇಲೆ ಒಂದು ಲೇಪ ಇರಬೇಕು. ಅದಕ್ಕೆ ಎಲ್ಲರೂ ಬಂಗಾರದಂಥ ದುಬಾರಿ ಲೋಹ ಹಾಕಿದರೆ ನನ್ನ ಮಗಳು ನಿಕ್ಕಲ್ಲು, ಕಬ್ಬಿಣದಲ್ಲೇ ಮಾಡುತ್ತಾಳೆ, ಕಣ್ಣಿಗೆ ಕಾಣದಷ್ಟು ಸಣ್ಣ ಎಸಳುಗಳನ್ನು ಕೂರಿಸುತ್ತಾಳೆ. ಬೆಲ್ಲದ ಅಚ್ಚಿಗಿಂತ ಬೆಲ್ಲದ ಪುಡಿ ಬೇಗ ಕರಗುವ ಹಾಗೆ, ಸಣ್ಣದಾದಷ್ಟೂ ನೀರು ಮುಟ್ಟುವುದಕ್ಕೆ ಜಾಗ ಹೆಚ್ಚು. ಮಂಗಳಮ್ಮ ಎಲ್ಲ ಕೇಳಿ, 'ಅಂಗಾರೆ ಅದೂ ಕಲಾಯಿನೇಯ ಕಣ್ ಬುಡು' ಎಂದಳು. ಬೇರೆ ದಿನವಾಗಿದ್ದರೆ ಆ ಮಾತಿಗೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದೆ. ಆವತ್ತು ಅವಳ ಮುಖ ನೋಡಲಾಗದೆ ತಪ್ಪಲೆಯನ್ನೇ ತಿರುಗಿಸುತ್ತಾ ಕೂತೆ.

ಸೋಮವಾರ ಮೈಸೂರಿನಿಂದ ನೀನು ಮಾಡಿದ ಫೋನು ಇನ್ನೂ ಕಿವಿಯಲ್ಲಿದೆ. ದೊಡ್ಡ ಮೈಕ್ರೋಸ್ಕೋಪಿನ ಮುಂದೆ, ದೊಡ್ಡ ದೊಡ್ಡವರ ಎದುರು ಇಲ್ಲಿಂದ ಒಯ್ದ ಡಬ್ಬಿ ತೆಗೆದರೆ ನಿಕ್ಕಲ್ ತುಂಡಿನ ಮೇಲೆ ಲೇಪವೇ ಇಲ್ಲ ಎಂದು ಅತ್ತೆ. 'ಎರಡು ವರ್ಷದ ಕೆಲಸ ಅಬ್ಬಾ. ಹುಣಸೂರಿಂದ ಮೈಸೂರಿಗೆ ಹೋಗೋದ್ರೊಳಗೆ ಉದುರಿ ಹೋಗಿದೆ. ನನ್ನ ಲೇಪ ನಿಲ್ಲೋದೇ ಇಲ್ಲ' ಎಂದೆ. ಮುಂದಿನ ವಾರ ಬುಧವಾರ ನಿಮ್ಮ ಗೈಡ್ ಮೇಡಂಗೆ ಪತ್ರ ಕೊಟ್ಟು ಓದು ಬಿಟ್ಟು ಬರುತ್ತೀನಿ, ರಾವಂದೂರಿನ ಶಾಲೆಯಲ್ಲಿ ಟೀಚರ್ ಕೆಲಸ ಖಾಲಿ ಇದೆ ಎಂದೆ. ನಾನು ಹೂಂಗುಟ್ಟಿದೆ. ಆ ಹೂಂಕಾರಕ್ಕೆ ಐದು ದಿನದಿಂದ ನನ್ನನ್ನೇ ಶಪಿಸಿಕೊಳ್ಳುತ್ತಿದ್ದೇನೆ.

ಬೇಟಿ, ಅದು ತಾನಾಗಿ ಉದುರಿದ್ದಲ್ಲ. ತೆಗೆದವನು ನಾನು.

ಹಬ್ಬಕ್ಕೆ ಮನೆಗೆ ಬಂದಿದ್ದ ನೀನು ಮಾರನೆಯ ಬೆಳಿಗ್ಗೆ ಇನ್ನೂ ಮಲಗಿದ್ದೆ. ಲವಂಗ ಹುಡುಕುತ್ತಾ ಗೂಡಿನಲ್ಲಿದ್ದ ಸಣ್ಣ ಡಬ್ಬಿ ತೆಗೆದೆ. ಒಳಗೆ ಸ್ಪಂಜಿನಂಥ ನಿಕ್ಕಲ್ ತುಂಡು, ಮೈತುಂಬಾ ಕಂದು ಕಲೆ. ಅದೇ ನಿನ್ನ ಲೇಪ ಎಂದು ನನಗೆ ಹೊಳೆಯಲಿಲ್ಲ. ಅಯ್ಯೋ, ಮಗಳ ಸಾಮಾನಿಗೆ ತುಕ್ಕು ಹಿಡಿದಿದೆ, ನಾಳೆ ದೊಡ್ಡವರ ಮುಂದೆ ಅವಳ ಮರ್ಯಾದೆ ಏನಾದೀತು ಎಂದುಕೊಂಡೆ. ನನ್ನ ಕೈ ನಿನಗೆ ಗೊತ್ತಲ್ಲ. ಕಲೆ ಕಂಡರೆ ಸುಮ್ಮನಿರದು. ನಿನ್ನನ್ನು ನೋಡಲು ಬಂದಿದ್ದ ಆ ಪಿರಿಯಾಪಟ್ಟಣದ ಹುಡುಗನ ಕೀಲಿಗೊಂಚಲನ್ನೂ ಉಜ್ಜಿ ಕೊಟ್ಟವನು ನಾನು. ಒಲೆ ಹತ್ತಿಸಿ, ಹುಳಿ, ಕಲಾಯಿಗೆ ಮೊದಲು ಪಾತ್ರೆ ಬೆಳಗುವ ನವಸಾಗರ ಎಲ್ಲ ಹಾಕಿ ಬೆಳ್ಳಿಯ ಹಾಗೆ ಮಾಡಿ ಮತ್ತೆ ಡಬ್ಬಿಯಲ್ಲಿಟ್ಟೆ. ಆ ಡಬ್ಬಿ ಮುಟ್ಟಬೇಡಿ ಎಂದು ಹಬ್ಬದ ದಿನ ನೀನು ಎಲ್ಲರಿಗೂ ಹೇಳಿದ್ದೆಯಂತೆ, ಆಗ ನಾನು ಈದ್ಗಾದಲ್ಲಿದ್ದೆ. ನೀನು ನೋಡಿ ಖುಷಿಪಡುತ್ತೀಯ ಎಂದು ಬಾಯಿಬಿಡದೆ ಕಳಿಸಿದೆನಲ್ಲ, ಎಂಥ ಪೆದ್ದ ನಾನು.

ಕ್ಷಮಿಸು ಎಂದು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಬಯ್ಯಬೇಕೆನಿಸಿದರೆ ಬಯ್ದುಬಿಡು, ನಾಲ್ಕು ದಿನ ಮಾತಾಡಬೇಡ. ಓದು ಮಾತ್ರ ಬಿಡಬೇಡ. ನನ್ನ ಕೈ ಮಾಡಿದ ತಪ್ಪಿಗೆ ನಿನ್ನ ಕೈಗೆ ಶಿಕ್ಷೆ ಕೊಡಬೇಡ. ಮೇಡಂ ಕೇಳಿದರೆ ಈ ಕಾಗದ ತೋರಿಸು, ನನಗೆ ನಾಚಿಕೆಯಿಲ್ಲ.

ದಾದಿ, ಅಮ್ಮಿ ನಿನ್ನ ಹೆಸರು ಹೇಳದೆ ದುವಾ ಮುಗಿಸುವುದಿಲ್ಲ. ಅಲ್ಲಾಹ್ ನಿನ್ನ ಕೈಗೆ ಬರಕತ್ ಕೊಡಲಿ.

ನಿನ್ನ ತಪ್ಪಿತಸ್ಥ ಅಬ್ಬಾ,
ಅಬ್ದುಲ್ ಅಜೀಜ್

ಮರೆತಿದ್ದು: ಮುಜಫರ್ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ. ಕಾಗದ ಓದಿಸಿಕೊಂಡ ದಾದಿ ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಮಾತು: 'ಅಜೀಜ್, ಒಂದೇ ಉಜ್ಜಿಗೆ ಬಿಡ್ತಾ?' ಇಲ್ಲ ಬೇಟಿ, ಬಿಡಲಿಲ್ಲ. ಮೊದಲು ಬೂದಿ ಹಾಕಿ ನಾರಿನಲ್ಲಿ ಉಜ್ಜಿದೆ, ಜಗ್ಗಲಿಲ್ಲ. ಹುಣಸೆಹುಳಿಯಲ್ಲಿ ಒಂದು ಗಂಟೆ ನೆನೆಸಿ ಮತ್ತೆ ಉಜ್ಜಿದೆ, ಒಂದು ಮೂಲೆ ಮಾತ್ರ ಮಸುಕಾಯಿತು. ಕೊನೆಗೆ ಕೆಂಡದ ಮೇಲೆ ಕಾಯಿಸಿ ನವಸಾಗರ ಎರಚಿ ಮೂರು ಸಲ ತಿಕ್ಕಿದ ಮೇಲೆ ಬಿಟ್ಟಿತು. ನನ್ನ ಹೆಬ್ಬೆರಳಲ್ಲಿ ಬೊಬ್ಬೆ ಇನ್ನೂ ಇದೆ. ನಲವತ್ತು ವರ್ಷದಲ್ಲಿ ನಾನು ಹಾಕಿದ ಯಾವ ಕಲಾಯಿಯೂ ಇಷ್ಟು ತಡೆಯುತ್ತಿರಲಿಲ್ಲ. ಬುಧವಾರ ಮೇಡಂಗೆ ಇದನ್ನೇ ಓದಿ ಹೇಳು. ನಿನ್ನ ಲೇಪ ನಿಂತಿತ್ತು.