ಬಾಯ್ಲರ್ ಪಕ್ಕದ ಬೆಂಚು

ಅಕ್ಕಾ,

ಕೆಮ್ಮು ಪೂರ್ತಿ ಬಿಟ್ಟಿದೆ, ನೀನು ಕೊಟ್ಟ ಮಫ್ಲರ್ ಕತ್ತಿನಿಂದ ಇಳಿದಿಲ್ಲ, ಬೈಯಬೇಡ. ಈ ಚಳಿಯೂರಿನ ಸಮುದಾಯ ಭವನದಲ್ಲಿ ನಮ್ಮ ಕೆಲಸ ಮುಗಿಯಿತು. ಭವನಕ್ಕೆ ಶಾಖ ಕೊಡುತ್ತಿದ್ದ ಹಳೆಯ ಬಾಯ್ಲರ್ ಕಿತ್ತು ಫ್ಯುಯೆಲ್ ಸೆಲ್ ಕೂರಿಸಿದೆವು. ನೋಡಲು ಬೀರುವಿನಂತಿದೆ. ಒಳಗೆ ಬೆಂಕಿಯಿಲ್ಲ, ಹೊಗೆಯಿಲ್ಲ. ಗ್ಯಾಸಿನಿಂದ ಕರೆಂಟೂ ಹುಟ್ಟುತ್ತದೆ, ಶಾಖವೂ ಹುಟ್ಟುತ್ತದೆ. ಈಗ ಭವನದ ಮೂಲೆಮೂಲೆಯೂ ಒಂದೇ ಸಮ ಬೆಚ್ಚಗಿದೆ.

ಮೊದಲು ಬಾಯ್ಲರ್ ಪಕ್ಕದ ಬೆಂಚೊಂದೇ ಬೆಚ್ಚಗಿತ್ತು. ಎಣ್ಣೆ ಸೀಗೇಕಾಯಿಯಂತಿದ್ದ ದರ್ಜಿ ಅಜ್ಜನೂ ಅವರ ನಾದಿನಿ ಅಜ್ಜಿಯೂ ಬೇರೆ ದಾರಿಯಿಲ್ಲದೆ ಅಲ್ಲೇ ಒತ್ತಿಕೊಂಡು ಕೂತು ದಿನವಿಡೀ ಕಚ್ಚಾಡುತ್ತಿದ್ದರು. ನಿನ್ನೆ ನೋಡಿದರೆ ಅಜ್ಜಿ ಕಿಟಕಿಯ ಬಳಿ, ಅಜ್ಜ ಆಚೆ ತುದಿಯ ಬಾಗಿಲ ಬಳಿ.

"ಬೆಚ್ಚಗಿದ್ಯಾ ಅಜ್ಜ?" ಎಂದೆ.

"ಬೆಚ್ಚಗೇನೋ ಇದೆ ಕಣಪ್ಪ. ಆದ್ರೆ ಜಗಳ ಆಡ್ಬೇಕು ಅಂದ್ರೆ ಈಗ ಎದ್ದು ಅಲ್ಲೀವರ್ಗೂ ಹೋಗ್ಬೇಕು. ಮಂಡಿ ಕೇಳಲ್ಲ."

ನಾವು ಸಾಮಾನು ಕಟ್ಟುವಾಗ ಅಜ್ಜಿ ಮೆಲ್ಲಗೆ ಬಂದು ಹೊಸ ಪೆಟ್ಟಿಗೆಯ ಮೇಲೆ ಅಂಗೈ ಒತ್ತಿ ನೋಡಿದರು. ತಣ್ಣಗಿತ್ತು. ಕೈ ಹಿಂದೆಗೆದು, ಬೆಂಚಿದ್ದ ಜಾಗವನ್ನೊಮ್ಮೆ ನೋಡಿ ಹೋದರು. ಶಾಖ ಹೊರಗೆ ಸೋರದಂತೆ ಪೆಟ್ಟಿಗೆಗೆ ಹೊದಿಕೆ ಸುತ್ತಿದವನು ನಾನೇ; ಮೇಸ್ತ್ರಿ ಶಭಾಷ್ ಅಂದಿದ್ದರು. ಹಳೆಯ ಬಾಯ್ಲರ್ ಸೋರುತ್ತಿತ್ತು ಅಕ್ಕಾ. ಆ ಸೋರಿಕೆಯಲ್ಲೇ ಅವರಿಬ್ಬರೂ ಇಷ್ಟು ವರ್ಷ ಚಳಿ ಕಾಯಿಸಿಕೊಂಡದ್ದು.

ವ್ಯಾನು ಹಾರ್ನ್ ಹೊಡೆಯುತ್ತಿದೆ. ನಾಳೆ ಗ್ರಂಥಾಲಯದ ಬಾಯ್ಲರ್ ಕೀಳಬೇಕು. ಅದರ ಪಕ್ಕದಲ್ಲೂ ಒಂದು ಬೆಂಚಿದೆಯಂತೆ.

ನಿನ್ನ ತಮ್ಮ