ನಿಲ್ಲಿಸಲು ಮರೆತ ರೆಕಾರ್ಡಿಂಗ್

ಭಾನುವಾರ, ನವೆಂಬರ್ ಹತ್ತು

ಪ್ರೀತಿಯ ತಮ್ಮನಿಗೆ,

ಎಲ್ಲರೂ ಹೇಗಿದ್ದೀರಿ? ನಾದಿನಿಯ ಮಂಡಿನೋವು ಎಷ್ಟಕ್ಕೆ ಬಂತು? ಮೆಟ್ಟಿಲು ಹತ್ತಬೇಡ ಅಂದರೆ ಕೇಳುವವಳಲ್ಲ ಅವಳು, ನನಗೆ ಗೊತ್ತು. ಗುಂಡನ ಕೆಮ್ಮು ನಿಂತಿತೆ? ಚಿನ್ನುವಿಗೆ ಮುಂದಿನ ಹಲ್ಲು ಬಂತೆ, ಇನ್ನೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುತ್ತಾಳೆಯೆ? ನೀನು ಬಿಪಿ ಮಾತ್ರೆಯನ್ನು ನೆನಪಾದಾಗ ನುಂಗುವುದಲ್ಲ, ದಿನಾ ನುಂಗಬೇಕು.

ಉತ್ತರ ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಪತ್ರ ದಿಂಬಿನ ಪಕ್ಕದಲ್ಲೇ ಇತ್ತು. ನನ್ನ ಸೊಂಟ, ಸೋರುವ ನಲ್ಲಿ, ಪಕ್ಕದ ಮನೆಯ ಬೊಗಳುವ ನಾಯಿ ಎಲ್ಲವನ್ನೂ ವಿಚಾರಿಸಿದ್ದೀಯ, ನನ್ನ ಓದಿನ ವಿಷಯ ಒಂದನ್ನು ಬಿಟ್ಟು. ಇರಲಿ. ನೀನು ಕೇಳದಿದ್ದರೂ ಹೇಳುತ್ತೇನೆ, ಹೇಳದಿದ್ದರೆ ತಿಂದ ಅನ್ನ ಅರಗುವುದಿಲ್ಲ.

ಪಾಸಾದೆ ಕಣೋ! ಎರಡನೇ ವರ್ಷಕ್ಕೆ ಹೋಗುತ್ತಿದ್ದೇನೆ. ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟ ಹಾಗಾಗಿದೆ.

ಹೇಗಾಯಿತು ಅಂತ ಮೊದಲಿನಿಂದ ಹೇಳುತ್ತೇನೆ. ಬರವಣಿಗೆ ಕಲಿಸುವ ನಮ್ಮ ಎಂ.ಎ. ತರಗತಿಯವರನ್ನೆಲ್ಲ ಊರಾಚೆ ಕೆರೆಯ ದಂಡೆಯ ಒಂದು ಅತಿಥಿಗೃಹಕ್ಕೆ ಶಿಬಿರಕ್ಕೆಂದು ನಮಗೆ ಪಾಠ ಮಾಡುವ ಮೇಡಂ ಕರೆದುಕೊಂಡು ಹೋಗಿದ್ದರು. ಈಗಿನ ಕಾಲದಲ್ಲಿ ಬರೆದರಷ್ಟೇ ಸಾಲದಂತೆ, ಬರೆದದ್ದನ್ನು ದನಿಯಾಗಿ, ವಿಡಿಯೋ ಆಗಿ, ಬ್ಲಾಗಾಗಿ ಜನರಿಗೆ ಮುಟ್ಟಿಸುವುದನ್ನೂ ಕಲಿಯಬೇಕಂತೆ. ಹೊರಗಿನಿಂದ ಯಾರೂ ಬಂದು ಪಾಠ ಮಾಡಲಿಲ್ಲ. ಯಾರಿಗೆ ಏನು ಬರುತ್ತದೋ ಅದನ್ನು ಅವರು ಉಳಿದವರಿಗೆ ಹೇಳಿಕೊಡಬೇಕು. ಕೊನೆಗೆ ಪ್ರತಿಯೊಬ್ಬರೂ ತಾವು ಬರೆದದ್ದನ್ನು ತಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ ಒಪ್ಪಿಸಬೇಕು. ಅದು ಪಾಸಾಗದಿದ್ದರೆ ಮುಂದಿನ ವರ್ಷವಿಲ್ಲ. ಇದನ್ನು ಕೇಳಿದ ಕೂಡಲೇ ನಾನು ಫೋನನ್ನು ಚೀಲದ ತಳಕ್ಕೆ ತುರುಕಿದೆ.

ನನ್ನ ಕೋಣೆಯಲ್ಲಿದ್ದವಳು ಒಬ್ಬ ನರ್ಸಮ್ಮ. ಕವಿತೆ ಬರೆಯುತ್ತಾಳೆ, ಹಾಸಿಗೆಗೆ ತಲೆ ತಾಗಿದ ತಕ್ಷಣ ಗೊರಕೆ ಹೊಡೆಯುತ್ತಾಳೆ. ಒಳ್ಳೆಯ ಹುಡುಗಿ. ರೆಕಾರ್ಡಿಂಗ್ ಹೇಳಿಕೊಡುವ ಪಾಳಿ ಅವಳದು. ಬ್ಲಾಗು ಹೇಳಿಕೊಟ್ಟವರು ತರಗತಿಯ ಇನ್ನೊಬ್ಬರು, ಗಡ್ಡದವರು. ಮೊದಲು ಒಂದು ಪತ್ರಿಕೆಯಲ್ಲಿದ್ದರು, ಅದು ಮುಚ್ಚಿಹೋದ ಮೇಲೆ ಇಲ್ಲಿ ಸೇರಿದ್ದಾರೆ. ಅವರು ಬಾಯಿ ತೆರೆದರೆ ನಾವೆಲ್ಲ ಗೋಡೆಗೆ ಒರಗಿಕೊಳ್ಳುವುದೇ.

"ಅಮ್ಮಾ, ಹೆದರ್ಕೋಬೇಡಿ," ಅಂದಳು ನರ್ಸಮ್ಮ. "ಫೋನಲ್ಲಿ ಈ ಕೆಂಪು ಗುಂಡಿ ಒತ್ತಿದ್ರೆ ಶುರು, ಇನ್ನೊಂದ್ಸಲ ಒತ್ತಿದ್ರೆ ಬಂದ್. ಅಷ್ಟೇ."

"ಅಷ್ಟೇನಾ?"

"ಅಷ್ಟೇ. ನೀವು ಹೆದರ್ಕೊಂಡ್ರೆ ಅದೂ ಹೆದರ್ಕೊಳ್ಳತ್ತೆ."

ಮಧ್ಯಾಹ್ನ ಎಲ್ಲರೂ ಕೆರೆಯ ಕಡೆ ನಡೆದಾಡಲು ಹೋದರು. ನಾನು ಬಾಗಿಲು ಹಾಕಿಕೊಂಡು, ಕೆಂಪು ಗುಂಡಿ ಒತ್ತಿ, ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಲಾಂಡ್ರಿಯ ಬಗ್ಗೆ ಬರೆದಿದ್ದ ಪ್ರಬಂಧವನ್ನು ಓದಿದೆ. ಮುಗಿಸಿ ನೋಡಿದರೆ ಫೋನಿನ ಪರದೆ ಕಪ್ಪಾಗಿತ್ತು. ಪಾಪ, ತಾನೇ ನಿಂತುಕೊಂಡಿದೆ ಅಂದುಕೊಂಡೆ.

ನಿನಗೆ ಗೊತ್ತಲ್ಲ, ಲಾಂಡ್ರಿಯಲ್ಲಿ ಮೆಷಿನ್ನುಗಳ ಗದ್ದಲದಲ್ಲಿ ಎದುರಿಗೆ ನಿಂತವರ ಮಾತೂ ಕೇಳಿಸುತ್ತಿರಲಿಲ್ಲ. ಹಾಗಾಗಿ ನಾವು ಹೆಂಗಸರೆಲ್ಲ ಹೊದಿಕೆ ಮಡಿಸುತ್ತಾ ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಆಡಿಕೊಳ್ಳುತ್ತಿದ್ದೆವು. ಒಬ್ಬಳು ಅತ್ತೆಯನ್ನು ಬಯ್ದರೆ ಇನ್ನೊಬ್ಬಳು ಸೂಪರ್‌ವೈಸರನ್ನು. ಯಾರ ಮಾತೂ ಯಾರಿಗೂ ಕೇಳಿಸದು, ಹೊಟ್ಟೆಯೊಳಗಿನದು ಹೊರಗೆ ಹೋದರಾಯಿತು. ಕೆಲಸದಿಂದ ನಿವೃತ್ತಿಯಾದರೂ ಆ ಚಾಳಿಗೆ ನಿವೃತ್ತಿಯಿಲ್ಲ. ಕೈಗೆ ಹೊದಿಕೆ ಸಿಕ್ಕರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಅವತ್ತೂ ಹಾಗೇ ಆಯಿತು. ನರ್ಸಮ್ಮನ ಹಾಸಿಗೆಯ ಮೇಲಿನದು ಮುದ್ದೆಯಾಗಿ ಬಿದ್ದಿತ್ತು, ಮಡಿಸತೊಡಗಿದೆ, ನೀನೇ ಎದುರಿಗಿದ್ದ ಹಾಗೆ ಮಾತಾಡತೊಡಗಿದೆ.

ಸಂಜೆ ನರ್ಸಮ್ಮ ತೋರಿಸಿದಂತೆ ಆ ರೆಕಾರ್ಡಿಂಗನ್ನು ತರಗತಿಯ ಫೋಲ್ಡರಿಗೆ ನಾನೇ ಹಾಕಿದೆ. ಯಾರ ಸಹಾಯವೂ ಇಲ್ಲದೆ! ಎಷ್ಟು ಹೆಮ್ಮೆಪಟ್ಟೆ ಅಂತೀಯ.

ಮಾರನೆಯ ದಿನ ದೊಡ್ಡ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಮೇಡಂ ಒಂದೊಂದನ್ನೇ ಸ್ಪೀಕರಿನಲ್ಲಿ ಹಾಕಿದರು. ನನ್ನದು ಬಂತು. ಪ್ರಬಂಧ ಮುಗಿಯಿತು. ಚಪ್ಪಾಳೆಗೆ ಕೈ ಎತ್ತಿದವರು ಹಾಗೇ ನಿಂತರು, ಏಕೆಂದರೆ ಸ್ಪೀಕರಿನಲ್ಲಿ ಹೊದಿಕೆ ಕೊಡವಿದ ಸದ್ದು, ಹಿಂದೆಯೇ ನನ್ನ ಗಂಟಲು:

"ಅಯ್ಯೋ ತಮ್ಮಾ, ಈ ನರ್ಸಮ್ಮ ಗೊರಕೆ ಹೊಡೆದ್ರೆ ಕಿಟಕಿ ಗಾಜು ಅದುರತ್ತೆ ಕಣೋ. ಆ ಗಡ್ಡದವರು ಮಾತು ಶುರು ಮಾಡಿದ್ರೆ ಒದ್ದೆ ಬಟ್ಟೆ ಒಣಗಿದ್ರೂ ನಿಲ್ಸಲ್ಲ. ಮೇಡಂ ಮಾಡೋ ಟೀ ಅಂತೂ, ಲೋಟ ತೊಳೆದ ನೀರೇ ವಾಸಿ..."

ನೆಲ ಬಿರಿದು ನನ್ನನ್ನು ನುಂಗಬಾರದೆ ಅನ್ನಿಸಿತು. ಎಲ್ಲರೂ ನಕ್ಕರು. ನರ್ಸಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಗಡ್ಡದವರು ಕುರ್ಚಿಯಿಂದ ಜಾರುವಷ್ಟು ನಕ್ಕರು. "ನಿಲ್ಸಿ, ನಿಲ್ಸಿ" ಎಂದು ನಾನು ಎದ್ದೆ. ಮೇಡಂ ಕೈಸನ್ನೆ ಮಾಡಿ ಕೂರಿಸಿದರು. ಅದು ಹೇಳುತ್ತಲೇ ಹೋಯಿತು. ನೀನು ಶಾಲೆಯಿಂದ ಬಂದು ಸ್ಲೇಟು ನನ್ನ ತೊಡೆಯ ಮೇಲಿಟ್ಟು ನನಗೆ ಅಕ್ಷರ ತಿದ್ದಿಸಿದ್ದು, ನಾನು ಒಲೆ ಊದುತ್ತಾ ಕಾಗುಣಿತ ಹೇಳಿದ್ದು, ಎಲ್ಲ. ನಗು ಯಾವಾಗ ನಿಂತಿತೋ ತಿಳಿಯಲಿಲ್ಲ. ಆಮೇಲೆ ಇದು ಬಂತು:

"ಇವರಿಗೆಲ್ಲಾ ಬರತ್ತೆ, ನನಗೆ ಬರಲ್ಲ. ನೀನು ಹೇಳಿದ್ದೇ ಸರಿ. ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಟುಬಿಡ್ತೀನಿ."

ನಾನು ತಲೆ ತಗ್ಗಿಸಿ ಚೀಲದ ಹಿಡಿ ತಿರುವುತ್ತಾ ಕೂತಿದ್ದೆ.

ಮೊದಲು ಬಾಯಿಬಿಟ್ಟವರು ಗಡ್ಡದವರು. "ಅಮ್ಮಾ, ಬಸ್ಸಿನ ಟೈಮು ನನ್ನನ್ನ ಕೇಳಬಾರದಿತ್ತಾ? ಬಂದ ದಿನವೇ ನೋಡಿಟ್ಕೊಂಡಿದ್ದೆ."

"ನಿಮಗೇನ್ರೀ ಕಷ್ಟ?" ಅಂದಳು ನರ್ಸಮ್ಮ.

"ಇಷ್ಟು ವರ್ಷ ಊರಿನವರ ಸುದ್ದಿ ಬರೆದವನು ನಾನು. ನನ್ನ ಸುದ್ದಿ ಓದೋಕೆ ಹೋದ್ರೆ ದನಿ ನಡುಗತ್ತೆ. ಅದಕ್ಕೇ ಬ್ಲಾಗು ಬ್ಲಾಗು ಅಂತ ಒದರ್ತಾ ಇದ್ದಿದ್ದು."

ಮೇಡಂ ನನ್ನ ಕಡೆ ತಿರುಗಿದರು. "ಮೊದಲನೇ ಭಾಗ ಪಾಠ ಒಪ್ಪಿಸಿದ ಹಾಗಿದೆ, ಅದನ್ನ ಬಿಡಿ. ಎರಡನೇದನ್ನ ಇಟ್ಕೊಳ್ಳಿ. ಪಾಸು." ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ನಿಂತರು. "ಇವತ್ತು ಟೀ ನೀವೇ ಮಾಡಿ."

ಅಲ್ಲಿಗೆ ಮುಗಿಯಲಿಲ್ಲ. ನನ್ನ ಪಾಳಿಯಲ್ಲಿ ಏನು ಹೇಳಿಕೊಡುವುದು ಅಂತ ಹೆದರಿದ್ದೆ, ಅದಕ್ಕೂ ನರ್ಸಮ್ಮನೇ ದಾರಿ ಹುಡುಕಿದಳು. ಇಬ್ಬಿಬ್ಬರಾಗಿ ಹೊದಿಕೆ ಮಡಿಸುತ್ತಾ, ಕಾಗದ ನೋಡದೆ, ಫೋನಿಗೆ ಮಾತಾಡುವುದು. ಗಡ್ಡದವರು ಮಡಿಸಿದ್ದನ್ನು ಹೊದಿಕೆ ಅನ್ನಲಾಗದು, ಗಂಟು ಅನ್ನಬೇಕು. ಆದರೆ ಅವರ ದನಿ ನಡುಗಲಿಲ್ಲ. ಒಂದಿಬ್ಬರಿಗೆ ಇದರಿಂದ ಏನೂ ಉಪಯೋಗವಾಗಲಿಲ್ಲ, ಸುಮ್ಮನೆ ಕೈ ನೋಯಿತು ಅಂದರು. ಅದೂ ಸರಿಯೇ.

ಈಗ ಹಗುರಾಗಿದ್ದೇನೆ. ನಲ್ಲಿಯನ್ನೂ ರಿಪೇರಿ ಮಾಡಿಸಿದೆ. ನಾಯಿ ಮಾತ್ರ ಹಾಗೇ ಇದೆ.

ನಾದಿನಿಗೆ, ಗುಂಡನಿಗೆ, ಚಿನ್ನುವಿಗೆ ನನ್ನ ಆಶೀರ್ವಾದ. ನೀನು ನೂರು ಕಾಲ ಬಾಳು, ಮಾತ್ರೆ ಮರೆಯದೆ.

ನಿನ್ನ ಅಕ್ಕ

ಮತ್ತೊಂದು ಮಾತು: ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ. ಆ ರೆಕಾರ್ಡಿಂಗ್ ಈಗ ಕೋರ್ಸಿನ ವೆಬ್‌ಸೈಟಿನಲ್ಲಿದೆ, ಯಾರು ಬೇಕಾದರೂ ಕೇಳಬಹುದು. ಹಾಕುವ ಮೊದಲು ನರ್ಸಮ್ಮನಿಂದ ಕತ್ತರಿಸುವುದನ್ನು ಕಲಿತು ಒಂದೇ ಒಂದು ಮಾತನ್ನು, "ನೀನು ಹೇಳಿದ್ದೇ ಸರಿ" ಅನ್ನುವುದನ್ನು, ತೆಗೆದುಹಾಕಿದೆ. ಹೊರಗಿನವರು ನಿನ್ನ ಬಗ್ಗೆ ಏನೂ ಅಂದುಕೊಳ್ಳಬಾರದಲ್ಲ. ಅದು ನಿನಗೆ ಸೇರಿದ ಮಾತು, ಅದಕ್ಕೇ ನಿನಗೇ ಬರೆಯುತ್ತಿದ್ದೇನೆ. ನಾನು ಕೋರ್ಸು ಸೇರಿದ್ದನ್ನು ನಿಮ್ಮ ಮನೆಯ ಊಟದ ಮೇಜಿನಲ್ಲಿ ಹೇಳಿದಾಗ ನೀನು, "ಅಕ್ಕಾ, ಈ ವಯಸ್ಸಲ್ಲಿ ನಗೆಪಾಟಲಾಗ್ತೀಯ," ಅಂದೆ. ಅದು ನಿಜವಾಯಿತು, ಎಲ್ಲರೂ ನಕ್ಕರು, ನನಗೆ ಏನೂ ಆಗಲಿಲ್ಲ. ಆದರೆ ಅವರೆಲ್ಲರಿಗಿಂತ ಮೊದಲು ನಕ್ಕವನು ನೀನು, ತಮ್ಮಾ, ಮಕ್ಕಳ ಮುಂದೆ. ಸ್ಲೇಟಿನ ಮೇಲೆ ನಾನು ಅಕ್ಷರಗಳನ್ನು ತಿರುವುಮುರುವು ಬರೆಯುತ್ತಿದ್ದಾಗ ನೀನು ಒಂದು ಸಲವೂ ನಕ್ಕಿರಲಿಲ್ಲ. ಕೋಪ ಬಂದರೂ ಸರಿ, ಬೇಗ ಬರೆ.