ಹೆಪ್ಪು ಕೇಳುವ ಓಣಿ

ಸವಣೂರು
ಸೋಮವಾರ, ೧೧-೮-೨೦೨೫

ಚಿರಂಜೀವಿ ನೇತ್ರಾ,

ಮೊದಲು ರೂಢಿಯಂತೆ ‘ಚಿ. ಸೌ.’ ಎಂದೇ ಬರೆದಿದ್ದೆ. ಆಮೇಲೆ ‘ಸೌ.’ ಮೇಲೆ ಗೆರೆ ಎಳೆದೆ. ಹಾಳೆ ಹೊಲಸಾಯಿತೆಂದು ಬೇರೆ ಹಾಳೆ ತೆಗೆದುಕೊಂಡು ಮತ್ತೆ ಶುರು ಮಾಡಿದ್ದೇನೆ. ಯಾಕೆ ಗೆರೆ ಎಳೆದೆ ಅನ್ನುವುದು ಕಾಗದ ಮುಗಿಯುವುದರೊಳಗೆ ನಿನಗೆ ತಿಳಿಯುತ್ತದೆ.

ಎರಡು ದಿನದಲ್ಲಿ ಹೇಳುತ್ತೇನೆ ಎಂದವಳು ಹತ್ತು ದಿನ ಮಾಡಿದೆ, ಬೈದುಕೋ. ಎರಡು ಮನೆಗಳ ಫೋಟೊ ಕಳಿಸಿ, “ಅವ್ವಾ, ಹುಬ್ಬಳ್ಯಾಗ ಯಾವ ಮನಿ ಹಿಡಿಯೋಣು?” ಅಂತ ಕೇಳಿದ್ದಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನಿಗೆ ಬಂದದ್ದನ್ನು ನಿನಗಿಂತ ಮೊದಲು ನಿನ್ನ ಗಂಡ ಓದುತ್ತಾನೆ. ನಾನು “ಊಟ ಆತೇನವಾ” ಅಂತ ಹಾಕಿದರೆ “ಆತ್ರಿ ಅತ್ತಿಯಾರ” ಅಂತ ಚನ್ನೇಶನೇ ಉತ್ತರ ಕೊಡುತ್ತಾನೆ. ಎಂಥ ಕಾಳಜಿಯ ಅಳಿಯ! ಅದಕ್ಕೇ ಈ ಕಾಗದ. ಪಕ್ಕದ ಮನೆಯ ಹಾಲವ್ವ ನಾಳೆ ರಟ್ಟೀಹಳ್ಳಿಗೆ, ತಂಗಿಯ ಮನೆಗೆ ಹೊರಟಿದ್ದಾಳೆ. ಹೋಗುವಾಗ ಹಿರೇಕೆರೂರಿನಲ್ಲಿ ಇಳಿದು ನಿನಗೆ ಕರಿದ ಖಾರದ ಡಬ್ಬಿ ಕೊಡುತ್ತಾಳೆ. ಖಾರದ ಕೆಳಗೆ ಪೇಪರು ಹಾಸಿದೆ, ಪೇಪರಿನ ಕೆಳಗೆ ಇದು. ಓದಿ ಸುಟ್ಟುಬಿಡು.

ಫೋಟೊಗಳನ್ನು ಕನ್ನಡಕ ಹಾಕಿಕೊಂಡು ನಾಲ್ಕು ಸಲ ನೋಡಿದೆ. ಒಂದು, ಬೈಪಾಸಿನ ಆಚೆ ಹೊಸ ಬಡಾವಣೆಯ ಮನೆ. ಮೂರು ಕಡೆ ಖಾಲಿ ಪ್ಲಾಟು, ಆಳೆತ್ತರದ ಕಂಪೌಂಡು, ಕಬ್ಬಿಣದ ಗೇಟು. ಚನ್ನೇಶನಿಗೆ ಅದೇ ಮನಸ್ಸಿಗೆ ಬಂದಿದೆ. “ಅಕ್ಕಪಕ್ಕದವರ ಕಿರಿಕಿರಿ ಇಲ್ರಿ ಅತ್ತಿಯಾರ, ನಮ್ಮಷ್ಟಕ್ಕ ನಾವು” ಅಂತ ಪಂಚಮಿಗೆ ಬಂದಾಗ ನನಗೂ ಹೇಳಿದ. ಇನ್ನೊಂದು ಹಳೇ ಹುಬ್ಬಳ್ಳಿಯ ಓಣಿಯ ಮನೆ. ನೀರು ಬರುವುದು ವಾರಕ್ಕೊಮ್ಮೆ, ಬಿಸಿಲು ಬರುವುದು ಅದಕ್ಕಿಂತ ಕಡಿಮೆ, ಗೋಡೆಗೆ ಗೋಡೆ ಹತ್ತಿದೆ, ಕಟ್ಟೆಯ ಮೇಲೆ ನಾಲ್ಕು ಮುದುಕಿಯರು ಫೋಟೊದಲ್ಲೂ ಬಾಯಿ ತೆರೆದುಕೊಂಡೇ ಕೂತಿದ್ದಾರೆ. ಗುರುವಾರ ನೀವು ಯಾವುದಾದರೊಂದಕ್ಕೆ ಹೂಂ ಅನ್ನಬೇಕಲ್ಲ? ಓಣಿಯ ಮನೆಗೆ ಹೂಂ ಅನ್ನು. ಆ ಮುದುಕಿಯರ ಸಲುವಾಗಿ ಅನ್ನು.

ಯಾಕೆ ಅಂತ ಹೇಳಬೇಕಾದರೆ ನಿಮ್ಮಪ್ಪನ ವಿಷಯ ಎತ್ತಬೇಕು. ‘ಅವರು’ ಅಂತ ಬರೆಯಲು ಹೋದರೆ ಪೆನ್ನು ಮುಂದೆ ಹೋಗಲೊಲ್ಲದು. ‘ಅವನು’ ಅಂತಲೇ ಬರೆಯುತ್ತೇನೆ. ಸತ್ತು ಮೂರು ವರ್ಷವಾಯಿತು, ಎದ್ದು ಬಂದು ಕೇಳುವುದಿಲ್ಲ.

ಅಕ್ಕಿಆಲೂರಿನ ತುಂಬಿದ ಮನೆಯಲ್ಲಿದ್ದಾಗಲೂ ಅವನ ಕೈ ಉದ್ದವೇ ಇತ್ತು. ಆದರೆ ಅಲ್ಲಿ ಹೊಡೆತಕ್ಕಿಂತ ನನಗೆ ನಾಚಿಕೆಯೇ ಹೆಚ್ಚು. ರಾತ್ರಿ ಸಪ್ಪಳ ಕೇಳಿದ ನೆಗೆಣ್ಣಿಯರಿಗೆ ಬೆಳಿಗ್ಗೆ ಚಹಾ ಕೊಡುವಾಗ ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸುತ್ತಿತ್ತು. ಅವನು ಹಾನಗಲ್ಲಿನಲ್ಲಿ ಬೀಜ ಗೊಬ್ಬರದ ಅಂಗಡಿ ತೆಗೆದಾಗ ಮನೆ ಆರಿಸುವ ಕೆಲಸ ನನಗೆ ಬಂತು. ಪೇಟೆಯ ಒಳಗೆ ಒಳ್ಳೆಯ ಮನೆಯೊಂದಿತ್ತು. ನಾನೇ ಬೇಡ ಅಂದೆ. ಊರ ಹೊರಗಿನ ಹೊಸ ಪ್ಲಾಟು ಹಿಡಿದೆ. ಎಲ್ಲ ನಮ್ಮ ಜನ, ಮರ್ಯಾದಸ್ಥರು, ಯಾರೂ ಯಾರ ಮನೆಗೂ ಇಣುಕುವುದಿಲ್ಲ, ನಾಲ್ಕು ಮಂದಿಗೆ ಕೇಳುವುದಿಲ್ಲ. ಕೇಳಬಾರದು ಅಂತಲೇ ನಾನು ಕೇಳಿ ಪಡೆದ ಮನೆ ಅದು, ನೇತ್ರಾ. ನನ್ನಂಥ ಹುಚ್ಚಿ ಇನ್ನೊಬ್ಬಳಿಲ್ಲ.

ನಿನಗೆ ಆಗ ಎಂಟು ವರ್ಷ. ಆ ಭಾನುವಾರ ನಿನಗೆ ನೆನಪಿದೆಯೋ ಇಲ್ಲವೋ, ನಾನು ಯಾವತ್ತೂ ಕೇಳಿಲ್ಲ. ರೊಟ್ಟಿ ತಣ್ಣಗಿತ್ತು ಅಂತ ಕೂತಿದ್ದ ಮಣೆ ತೆಗೆದುಕೊಂಡು ಹೊಡೆದ. ತಲೆಗೆ ಅಡ್ಡ ಹಿಡಿದ ನನ್ನ ಎಡಗೈ ಮೊಳಕೈ ಕೆಳಗೆ ಲಟ್ಟನೆ ಮುರಿಯಿತು. ಬಿದ್ದವಳ ಬೆನ್ನಿಗೆ, ಸೊಂಟಕ್ಕೆ ಒದ್ದ. ಬಾಯಿಗೆ ಒದ್ದಾಗ ಹಲ್ಲೊಂದು ನಾಲಿಗೆಯ ಮೇಲೆ ಬಂತು. ಅಂಗಳದಲ್ಲಿ ತೆವಳಿಕೊಂಡು ಗೇಟಿನ ತನಕ ಹೋದೆ. ಗೇಟಿಗೆ ಕೀಲಿ. ಸರಳು ಹಿಡಿದು “ಯಾರರ ಬರ್ರಿ, ಕೊಲ್ಲಾಕತ್ತಾನ ಬರ್ರೀ” ಅಂತ ಕೂಗಿದೆ. ಎದುರು ಮನೆಯ ಮಾಸ್ತರು ಕಿಟಕಿಯಲ್ಲಿ ನಿಂತಿದ್ದರು, ನನ್ನನ್ನು ನೋಡಿದರು. ಪರದೆ ಎಳೆದರು. ಆಮೇಲೆ ಅವರ ಟಿವಿಯ ಸಪ್ಪಳ ಜೋರಾಯಿತು. ಕ್ರಿಕೆಟ್ ನಡೆದಿತ್ತು. ಅವನು ನನ್ನ ಕಾಲು ಹಿಡಿದು ಹಿಂದಕ್ಕೆ ಎಳೆಯುವಾಗ ಟಿವಿಯೊಳಗೆ ಜನ ಚಪ್ಪಾಳೆ ಹೊಡೆಯುತ್ತಿದ್ದರು. ಆ ಮಾಸ್ತರರ ಬಾಯಿಗೆ ಮಣ್ಣು ಬೀಳಲಿ ಅಂತ ಶಪಿಸಿದ್ದೆ.

ದವಾಖಾನೆಯಲ್ಲಿ ಡಾಕ್ಟರರಿಗೆ “ಬಚ್ಚಲದಾಗ ಜಾರಿ ಬಿದ್ನಿರಿ” ಅಂದೆ. ನೀನು ನನ್ನ ಸೆರಗು ಹಿಡಿದು ನಿಂತಿದ್ದಿ.

ಹಾನಗಲ್ಲಿನ ಅಂಗಡಿ ನಡೆಯಲಿಲ್ಲ, ಇಲ್ಲಿ ಬೇರೆ ಅಂಗಡಿ ಹಾಕಲು ಸವಣೂರಿಗೆ ಬಂದೆವು. ನೀನು ಧಾರವಾಡದ ಹಾಸ್ಟೆಲ್ಲಿಗೆ ಹೋದೆ. ಅವಸರದಲ್ಲಿ ಸಿಕ್ಕಿದ್ದು ಈ ಖಾರದವರ ಓಣಿಯ ಮನೆ. ರಜೆಗೆ ಬಂದಾಗಲೆಲ್ಲ ನೀನು “ಏನ್ ಎಣ್ಣಿ ನಾತ ಅವ್ವಾ” ಅಂತ ಮೂಗು ಮುಚ್ಚಿಕೊಳ್ಳುತ್ತಿದ್ದಿ. ನನಗೂ ಮೊದಲು ಹಾಗೇ ಇತ್ತು. ನಮಗೂ ಹಾಲವ್ವನಿಗೂ ನಡುವೆ ಒಂದೇ ಗೋಡೆ. ಅವಳು ಸೀನಿದರೆ ನಾನು ಇಲ್ಲಿಂದ “ಶಿವಶಿವಾ” ಅನ್ನಬೇಕು, ಅಷ್ಟು ತೆಳು.

ಬಂದು ತಿಂಗಳಾಗಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಬಂದವನು ಯಾವುದೋ ಸಿಟ್ಟಿಗೆ ನನ್ನ ಕೂದಲು ಕೈಗೆ ಸುತ್ತಿಕೊಂಡು ತಲೆಯನ್ನು ಆ ಗೋಡೆಗೆ ಬಡಿದ. ಎರಡನೆಯ ಸಲಕ್ಕೆ ಹಣೆ ಒಡೆಯಿತು, ಕಣ್ಣಿಗೆ ರಕ್ತ ಇಳಿಯಿತು. ಮೂರನೆಯ ಸಲ ಬಡಿದಾಗ ಗೋಡೆಯ ಆಚೆಯಿಂದ ಯಾರೋ ತಿರುಗಿ ಬಡಿದರು. ಧಡ್, ಧಡ್, ಧಡ್. ಅವನ ಕೈ ನಿಂತಿತು. ಅಷ್ಟರಲ್ಲಿ ಬಾಗಿಲಲ್ಲಿ ಹಾಲವ್ವ. ಮೊಳಕೈ ತನಕ ಕಡಲೆಹಿಟ್ಟು, ಕೈಯಲ್ಲೊಂದು ಬಟ್ಟಲು.

“ಒಂಚೂರು ಹೆಪ್ಪು ಕೊಡ್ರಿ ಅಕ್ಕಾರ. ಹಾಲು ಕಾಸೇನಿ, ಮನ್ಯಾಗ ಮಸರ ಇಲ್ಲ” ಅಂದಳು.

ಅವಳ ಹಿಂದೆ ಎದುರು ಮನೆಯ ಶೇಖಸಾಬರ ಸೊಸೆ, ಅವಳ ಕೈಯಲ್ಲೂ ಬಟ್ಟಲು. ಅವಳ ಹಿಂದೆ ಮತ್ತೆ ಮೂವರು. ಕೊನೆಗೆ ವೀಳ್ಯದೆಲೆ ತೋಟದಿಂದ ಬಂದ ಶೇಖಸಾಬರೇ ಚಹಾದ ಕಪ್ಪು ಹಿಡಿದು ನಿಂತರು. ಅವರ ಮನೆಯಲ್ಲಿ ಎರಡು ಎಮ್ಮೆ ಹಯನು, ಮೊಸರಿಗೆ ಬರವೇ? “ನಮಗೂ ಸ್ವಲ್ಪ ಹೆಪ್ಪು ಬೇಕಾಗಿತ್ರಿ” ಅಂತ ನಿಮ್ಮಪ್ಪನ ಮುಖವನ್ನೇ ನೋಡುತ್ತ ಹೇಳಿದರು. ಯಾರೂ ‘ಯಾಕ ಹೊಡೀತಿ’ ಅಂತ ಕೇಳಲಿಲ್ಲ. ಪಡಸಾಲೆಯ ತುಂಬ ಕೂತರು, ಮಳೆ ಬೆಳೆ ಮಾತಾಡಿದರು. ಹಾಲವ್ವ ನನ್ನ ಹಣೆಗೆ ಅರಿಶಿನ ಒತ್ತಿದಳು. ಅವನು ಬನಿಯನ್ನಿನಲ್ಲಿ ಒಂದು ತಾಸು ಮೂಲೆಯಲ್ಲಿ ನಿಂತಿದ್ದ. ಆಮೇಲೆ ಅಂಗಿ ಹಾಕಿಕೊಂಡು ಅಂಗಡಿಗೆ ಹೋದ.

ಮುಂದೆ ಅದೇ ರೂಢಿಯಾಯಿತು. ಅವನ ದನಿ ಏರಿದರೆ ಗೋಡೆ ಬಡಿಯುವುದು, ಬಟ್ಟಲು ಬರುವುದು. ಓಣಿಗೆಲ್ಲ ಗೊತ್ತು, ಅದು ಮೊಸರಿನ ಬಟ್ಟಲಲ್ಲ. ಅವನಿಗೂ ಗೊತ್ತು. “ಈ ಓಣಿ ಬ್ಯಾಡ, ಊರ ಹೊರಗ ಪ್ಲಾಟ್ ನೋಡೇನಿ, ಹೋಗೂಣು” ಅಂತ ಶುರು ಮಾಡಿದ. ನಾನು ಆಗೋದಿಲ್ಲ ಅಂದೆ. ಮದುವೆಯಾದಂದಿನಿಂದ ಅವನಿಗೆ ನಾನು ಅಂದ ಮೊದಲನೆಯ ‘ಆಗೋದಿಲ್ಲ’ ಅದು. “ನೀನು ಹೋಗು, ನಾನಿಲ್ಲೇ ಸಾಯ್ತೇನಿ” ಅಂದೆ.

“ಸಾಯಿ ಹಂಗಾರ” ಅಂತ ಬಾಗಿಲ ಹಿಂದಿನ ಕುಡಗೋಲು ತೆಗೆದ.

ಮೊದಲ ಏಟು ಭುಜಕ್ಕೆ ಬಿತ್ತು. ಆ ಗಾಯವನ್ನು ನಿನಗೆ ‘ಬಾವಿ ರಾಟಿ ಬಡೀತು’ ಅಂತ ಹೇಳಿದ್ದೆ. ಎರಡನೆಯದು ಕುತ್ತಿಗೆಗೇ ಬರುತ್ತಿತ್ತು. ಶೇಖಸಾಬರು ಓಡಿ ಬಂದು ಬರಿಗೈಯಲ್ಲಿ ಅಲಗು ಹಿಡಿದರು. ಅಂಗೈ ಸೀಳಿ ರಕ್ತ ನನ್ನ ಮುಖಕ್ಕೆ ಚಿಮ್ಮಿತು. ಆದರೂ ಅವನು ಕುಡಗೋಲು ಬಿಡಲಿಲ್ಲ, ಎಳೆಯುತ್ತಲೇ ಇದ್ದ. ಹಾಲವ್ವ ಆಗ ಖಾರ ಕರಿಯುತ್ತಿದ್ದಳು. ಅವತ್ತು ಬಟ್ಟಲು ತರಲಿಲ್ಲ. ಕುದಿಯುವ ಎಣ್ಣೆಯಲ್ಲಿದ್ದ ತೂತಿನ ಸೌಟನ್ನೇ ತಂದು ಅವನ ಮಣಿಕಟ್ಟಿನ ಮೇಲೆ ಒತ್ತಿ ಹಿಡಿದಳು. ಚುರ್ ಅಂತು. ಚರ್ಮ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಗಂಡಸು ಹಾಗೆ ಕಿರುಚುವುದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಕುಡಗೋಲು ಕೆಳಗೆ ಬಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷವಾಯಿತು.

ದವಾಖಾನೆಯಲ್ಲಿ ಅವನೇ “ಒಲಿ ಮ್ಯಾಲ ಬಿದ್ನಿರಿ” ಅಂದ. ಶೇಖಸಾಬರು “ಎಲಿ ಕೊಯ್ಯುವಾಗ ಕೈ ಕೊಯ್ಕೊಂಡೇನ್ರಿ” ಅಂದರು. ಡಾಕ್ಟರರು ಮಣಿಕಟ್ಟಿನ ಮೇಲಿನ ಸಾಲು ಚುಕ್ಕಿಗಳನ್ನು ಬಹಳ ಹೊತ್ತು ನೋಡಿ, ಹೇಳಿದ್ದನ್ನೇ ಬರೆದುಕೊಂಡರು.

ಅದಾದ ಮೇಲೆ ಆರು ವರ್ಷ ಬದುಕಿದ. ನನ್ನ ಮೇಲೆ ಕೈ ಎತ್ತಲಿಲ್ಲ. ಸುಧಾರಿಸಿದ ಅಂತ ತಿಳಿಯಬೇಡ, ಹೆದರಿದ. ಸತ್ತಾಗ ಕೂರಿಸಿ ವಿಭೂತಿ ಹಚ್ಚುವಾಗ ಆ ಚುಕ್ಕಿಗಳು ನನ್ನ ಬೆರಳಿಗೆ ಸಿಕ್ಕವು. ನೀನು ಪಕ್ಕದಲ್ಲಿ ಕೂತು “ನಮ್ಮಪ್ಪ, ನಮ್ಮಪ್ಪ” ಅಂತ ಅಳುತ್ತಿದ್ದಿ. ನಿನ್ನ ದುಃಖ ಕೆಡಿಸಬಾರದು ಅಂತ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಆದ್ದರಿಂದ ಮನೆ ನೋಡಲು ಹೋದಾಗ ಅಡುಗೆಮನೆ ಎಷ್ಟು ದೊಡ್ಡದು, ಬಾಗಿಲು ಯಾವ ದಿಕ್ಕಿಗೆ ಅಂತ ನೋಡಬೇಡ. ಗೋಡೆಗೆ ಕಿವಿ ಇಟ್ಟು ನಿಲ್ಲು. ಪಕ್ಕದ ಮನೆಯ ಕೂಸು ಅಳುವುದು ನಿನಗೆ ಕೇಳಬೇಕು. ನಿನಗೆ ಅವರದು ಕೇಳಿದರೆ ಅವರಿಗೆ ನಿನ್ನದು ಕೇಳುತ್ತದೆ. ಹೋದ ದಿನವೇ ಬಟ್ಟಲು ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿ ಹೆಪ್ಪು ಕೇಳು. ನಿನ್ನ ಮನೆಯಲ್ಲಿ ಗಡಿಗೆ ತುಂಬ ಮೊಸರಿದ್ದರೂ ಕೇಳು.

ಖಾರ ಬಿಸಿ ಇರುವಾಗಲೇ ತುಂಬಿದ್ದೇನೆ, ಡಬ್ಬಿಯ ಮುಚ್ಚಳ ಸ್ವಲ್ಪ ಹೊತ್ತು ತೆರೆದಿಡು. ಊಟ ಬಿಡಬೇಡ. ನೂರು ವರ್ಷ ಬಾಳು ಮಗಳೇ, ನಿನ್ನ ಮೈಯ ಒಂದು ಕೂದಲೂ ಕೊಂಕದೆ ಬಾಳು.

ನಿನ್ನ ಅವ್ವ,
ಮಹಾದೇವಕ್ಕ

ತಾ. ಕ.: ಹತ್ತು ದಿನ ತಡವಾದದ್ದು ಮೇಲಿನದನ್ನು ಬರೆಯಲು ಅಲ್ಲ. ಇದನ್ನು ಬರೆಯಲು.

ಪಂಚಮಿಯ ದಿನ ಮಧ್ಯಾಹ್ನ ನಾನು ಉಂಡಿ ಕಟ್ಟುತ್ತಿದ್ದೆ. ನೀವಿಬ್ಬರೂ ಒಳಕೋಣೆಯಲ್ಲಿದ್ದಿರಿ. ಫೋನಿನ ವಿಷಯಕ್ಕೆ ಚನ್ನೇಶನ ದನಿ ಏರಿತು. ಆಮೇಲೆ ಕೆನ್ನೆಗೆ ಬಿದ್ದ ಸಪ್ಪಳ. ಅದು ನನಗೆ ಗೊತ್ತಿರುವ ಸಪ್ಪಳ. ಆಮೇಲೆ ನಿನ್ನ ತಲೆ ಗೋಡೆಗೆ ಬಡಿಯಿತು, ಅದೇ ಗೋಡೆಗೆ. “ಅವ್ವಾ” ಅಂತ ನೀನು ಕೂಗಿದೆ. ನಾನು ಎದ್ದು ಮಿಕ್ಸರ್ ಹಾಕಿದೆ. ಶೇಂಗಾ ಆಗಲೇ ಪುಡಿಯಾಗಿತ್ತು, ಮಿಕ್ಸರಿನಲ್ಲಿ ಏನೂ ಇರಲಿಲ್ಲ. ಹಬ್ಬಕ್ಕೆ ಬಂದ ಅಳಿಯನ ಮಾನ ಓಣಿಯಲ್ಲಿ ಹೋಗಬಾರದು ಅಂತ ಖಾಲಿ ಮಿಕ್ಸರ್ ತಿರುಗಿಸಿದೆ. ಹಾನಗಲ್ಲಿನ ಮಾಸ್ತರರಿಗೂ ನನಗೂ ಏನು ಫರಕು?

ಹಾಲವ್ವನಿಗೆ ಆದರೂ ಕೇಳಿತು. ಗೋಡೆ ಬಡಿದಳು. ಬಟ್ಟಲು ಹಿಡಿದು ಬಂದಳು. ನಾನು ಬಾಗಿಲಿಗೆ ಅಡ್ಡ ನಿಂತು “ಇವತ್ತ ಹೆಪ್ಪು ಇಲ್ಲ ಹಾಲವ್ವಾ” ಅಂದೆ. ಅವಳು ನನ್ನ ಮುಖ ನೋಡಿದಳು. ಬರಿಯ ಬಟ್ಟಲು ತೆಗೆದುಕೊಂಡು ತಿರುಗಿ ಹೋದಳು. ನಾನು ಹಾಗೆ ಅಂದದ್ದು ಒಳಗೆ ನಿನಗೆ ಕೇಳಿತು, ನನಗೆ ಗೊತ್ತು. ಯಾಕೆಂದರೆ ಅದಾದ ಮೇಲೆ ನೀನು ಕೂಗಲಿಲ್ಲ. ಮರುದಿನ ತುಂಬು ತೋಳಿನ ಕುಬಸ ತೊಟ್ಟು ಹೊರಟ ನಿನ್ನ ಕೈಗೆ ನಾನು ಉಂಡಿಯ ಡಬ್ಬಿ ಕೊಟ್ಟೆ.

ಹಾಲವ್ವನ ಕಾಲು ಹಿಡಿದುಕೊಂಡೆ. ಬುಧವಾರ ಮೊದಲ ಬಸ್ಸಿಗೆ ನಾನು, ಶೇಖಸಾಬರು, ಅವರ ಸೊಸೆ ಹೊರಡುತ್ತೇವೆ. ಹಾಲವ್ವ ಹಿರೇಕೆರೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂಡಿಕೊಳ್ಳುತ್ತಾಳೆ. ಗುರುವಾರ ನೀನು ಯಾವ ಮನೆಗೆ ಹೂಂ ಅನ್ನುತ್ತಿಯೋ, ಎರಡಕ್ಕೂ ಒಲ್ಲೆನೆಂದು ನಮ್ಮ ಜೊತೆ ಈ ಓಣಿಗೇ ಬರುತ್ತಿಯೋ, ಅದು ನಿನ್ನ ಇಚ್ಛೆ. ನಾವಂತೂ ನಿನ್ನ ಬಾಗಿಲು ಬಡಿಯುತ್ತೇವೆ. ಎಲ್ಲರ ಕೈಯಲ್ಲೂ ಬಟ್ಟಲಿರುತ್ತದೆ. ಅವನೇ ಬಾಗಿಲು ತೆಗೆದರೂ ಹೆಪ್ಪು ಕೇಳುತ್ತೇನೆ.

ಒಳಗಿನಿಂದ ನೀನು ‘ಇಲ್ಲ’ ಅನ್ನಬೇಡ ನೇತ್ರಾ. ನಾನು ಅಂದ ಹಾಗೆ ಅನ್ನಬೇಡ.